ಕಿವುಡ ಮಕ್ಕಳಿಗೆ ಎರಡು ಭಾಷೆಯಲ್ಲಿ ಪಾಠ: ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ಶಿಕ್ಷಕರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ತರಗತಿಗೆ ಕಿವಿ ಕೇಳದ ಮಗು ಸೇರಿದೆ, ನನಗೆ ಸನ್ನೆ ಭಾಷೆ ಬಾರದು, ಎಲ್ಲಿಂದ ಶುರು ಮಾಡಲಿ?" ಅದರ ಬೆನ್ನಿಗೇ ಪೋಷಕರದ್ದೊಂದು ಬರುತ್ತದೆ: "ಸನ್ನೆ ಕಲಿಸಿಬಿಟ್ಟರೆ ಮಗು ಮಾತು ಕಲಿಯುವುದೇ ಇಲ್ಲವಲ್ಲ?"

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅದು ಬಗೆಹರಿಯದೆ ಮೊದಲನೆಯದು ಮುಂದೆ ಸಾಗುವುದಿಲ್ಲ. ಸನ್ನೆಯಿಂದ ಮಾತು ಕೆಡುತ್ತದೆ ಎಂಬ ನಂಬಿಕೆ ತುಂಬ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನವು ಮಾತಿನ ವಿಧಾನವೇ ಶ್ರೇಷ್ಠವೆಂದು ನಿರ್ಣಯಿಸಿ ಸನ್ನೆಯನ್ನು ಶಾಲೆಯ ಹೊಸಿಲಿನಾಚೆ ನಿಲ್ಲಿಸಿತು. ಅದೇ ಸಮ್ಮೇಳನ ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಈ ನಡುವೆ, 1960ರಲ್ಲಿ, ಅಮೆರಿಕದಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ಕಾಲೇಜಿನಲ್ಲಿದ್ದ ಭಾಷಾತಜ್ಞ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಯ ಒಳರಚನೆಯನ್ನು ವಿಶ್ಲೇಷಿಸಿ, ಅದು ತನ್ನದೇ ರಚನೆಯಿರುವ ಭಾಷೆ ಎಂದು ತೋರಿಸಿದ್ದರು. ಸ್ವೀಡನ್ನಿನ ಸಂಸತ್ತು 1981ರಲ್ಲೇ ಸನ್ನೆಯನ್ನು ಕಿವುಡರ ಭಾಷೆಯೆಂದು ಮಾನ್ಯ ಮಾಡಿ ಎರಡು ಭಾಷೆಯ ಶಿಕ್ಷಣಕ್ಕೆ ದಾರಿ ಮಾಡಿಕೊಟ್ಟಿತು.

ಮಾತು ಬೇರೆ, ಭಾಷೆ ಬೇರೆ. ಮಾತು ಬಾಯಿ ಕಿವಿಗಳ ಕೆಲಸ, ಭಾಷೆ ಮಿದುಳಿನದ್ದು. ಜೀವನದ ಮೊದಲ ಕೆಲವು ವರ್ಷಗಳಲ್ಲಿ ಯಾವುದಾದರೂ ಒಂದು ಭಾಷೆ ಮಗುವಿಗೆ ಪೂರ್ತಿಯಾಗಿ ಸಿಗಬೇಕು. ಸಿಗದಿದ್ದರೆ ಆಗುವ ನಷ್ಟಕ್ಕೆ ಭಾಷಾ ಅಭಾವ ಎನ್ನುತ್ತಾರೆ. ಮುಂದೆ ಎಷ್ಟೇ ಒಳ್ಳೆಯ ಶ್ರವಣ ಸಾಧನ ತೊಡಿಸಿದರೂ ಅದು ಪೂರ್ತಿ ತುಂಬುವುದಿಲ್ಲ. ಕಣ್ಣಿಗೆ ಕಾಣುವ ಭಾಷೆ ಕಿವಿಯನ್ನು ಕಾಯಬೇಕಾಗಿಲ್ಲ. ದ್ವಿಭಾಷಾ ಶಿಕ್ಷಣದ ತಿರುಳು ಇಷ್ಟೇ: ಸನ್ನೆ ಭಾಷೆ ಒಂದು ಪೂರ್ಣ ಭಾಷೆ, ಓದಿ ಬರೆಯುವ ಕನ್ನಡ ಇನ್ನೊಂದು ಪೂರ್ಣ ಭಾಷೆ, ಎರಡರ ನಡುವೆ ಕೊಂಡಿ ಹಾಕುವುದು ಶಿಕ್ಷಕರ ಕೆಲಸ. ಕೆಲವು ಮಕ್ಕಳಿಗೆ ಆಡುವ ಕನ್ನಡವೂ ದಕ್ಕುತ್ತದೆ. ದಕ್ಕಿದರೆ ಸಂತೋಷ, ಆದರೆ ಮಿಕ್ಕೆಲ್ಲ ಕಲಿಕೆಯನ್ನು ಅದರ ಬಾಗಿಲಲ್ಲಿ ನಿಲ್ಲಿಸಬಾರದು.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು: ಮಗುವಿನ ಇತ್ತೀಚಿನ ಶ್ರವಣ ಪರೀಕ್ಷೆಯ ವರದಿ, ವಿಡಿಯೊ ತೆಗೆಯಬಲ್ಲ ಒಂದು ಫೋನ್, ಮಾತಿಲ್ಲದ ಚಿತ್ರಕಥೆಯ ನಾಲ್ಕಾರು ಹಾಳೆ, ದೊಡ್ಡ ಬೋರ್ಡು, ಮತ್ತು ಸನ್ನೆ ಭಾಷೆಯಲ್ಲೇ ಬೆಳೆದ ಒಬ್ಬ ವಯಸ್ಕರ ಸಂಪರ್ಕ. ಕೊನೆಯದನ್ನು ಹೊಂದಿಸುವುದೇ ಕಷ್ಟ. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೂ ಅದೇ.

ಹಂತ 1: ಕಿವಿ ಎಷ್ಟು ಕೇಳುತ್ತದೆ ಎಂದು ಕೇಳುವ ಮೊದಲು ಭಾಷೆ ಎಷ್ಟಿದೆ ಎಂದು ನೋಡಿ

ಒಂದೇ ತರಗತಿಗೆ ಬರುವ ಇಬ್ಬರು ಕಿವುಡ ಮಕ್ಕಳ ನಡುವೆ ಅಜಗಜಾಂತರ ಇರಬಹುದು. ಒಂದು ಮಗುವಿನ ಅಪ್ಪ ಅಮ್ಮ ಇಬ್ಬರೂ ಕಿವುಡರು. ಅದು ಹುಟ್ಟಿದಾಗಿನಿಂದ ಸನ್ನೆಯಲ್ಲೇ ಜಗಳವಾಡಿ, ಸುಳ್ಳು ಹೇಳಿ, ಕಥೆ ಕಟ್ಟಿ ಬೆಳೆದಿದೆ. ಇನ್ನೊಂದರ ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳುತ್ತದೆ. ಅದಕ್ಕೆ ಗೊತ್ತಿರುವುದು ಬಾ, ಹೋಗು, ಮಲಗು, ಬೇಡ ಎಂಬ ಮನೆಸನ್ನೆಗಳಷ್ಟೆ. ಕಿವುಡ ಮಕ್ಕಳಲ್ಲಿ ಬಹುಪಾಲು ಹುಟ್ಟುವುದು ಕೇಳುವ ತಂದೆ ತಾಯಿಗೇ. ಹಾಗಾಗಿ ನಿಮಗೆ ಹೆಚ್ಚಾಗಿ ಎದುರಾಗುವುದು ಎರಡನೆಯ ಬಗೆಯ ಮಗು. ಶ್ರವಣ ವರದಿಯಲ್ಲಿ ಇಬ್ಬರ ಅಂಕಿಗಳೂ ಒಂದೇ ಆಗಿರಬಹುದು. ಪಾಠ ಮಾತ್ರ ಒಂದೇ ಆಗಲಾರದು.

ತಿಳಿಯುವ ದಾರಿ ಸರಳ. ಮಾತಿಲ್ಲದ ಚಿತ್ರಕಥೆಯನ್ನು ತೋರಿಸಿ, ಪುಟ ಮುಚ್ಚಿ, ಕಥೆ ಹೇಳೆಂದು ಕೇಳಿ. ಸನ್ನೆಯೋ, ಮಾತೋ, ಅಭಿನಯವೋ, ಮಗು ಹೇಗೆ ಹೇಳಿದರೂ ಸರಿ, ವಿಡಿಯೊ ಮಾಡಿಕೊಳ್ಳಿ. ಯಾರು ಯಾರಿಗೆ ಏನು ಮಾಡಿದರು ಎಂಬುದು ಸ್ಪಷ್ಟವಾಗಿದೆಯೇ? ಮೊದಲು, ಆಮೇಲೆ ಎಂಬ ಕ್ರಮವಿದೆಯೇ? ಏಕೆ ಎಂಬುದಕ್ಕೆ ಉತ್ತರ ಬರುತ್ತದೆಯೇ? ಬಿಡಿ ಹೆಸರುಗಳಷ್ಟೇ ಬಂದರೆ ಆ ಮಗುವಿಗೆ ಇನ್ನೂ ಮೊದಲ ಭಾಷೆ ಕೂಡಿಬಂದಿಲ್ಲ. ಅಂಥ ಮಗುವಿನ ಕೈಗೆ ನೇರವಾಗಿ ಕನ್ನಡ ಪಠ್ಯಪುಸ್ತಕ ಕೊಟ್ಟರೆ ಅದು ಅಕ್ಷರಗಳನ್ನು ಅಂದವಾಗಿ ನಕಲು ಮಾಡುತ್ತದೆ, ಅಷ್ಟೆ.

ಇಲ್ಲಿ ಹಲವರು ಮೋಸ ಹೋಗುತ್ತಾರೆ. ನಕಲು ಬರಹ ಓದಿನಂತೆ ಕಾಣುತ್ತದೆ. ದುಂಡಗಿನ ಅಕ್ಷರ ನೋಡಿ ಮೇಲಿನ ತರಗತಿಗೆ ದಾಟಿಸಿಬಿಡುತ್ತಾರೆ.

ಹಂತ 2: ಶ್ರವಣ ನಕ್ಷೆ ಓದಲು ಕಲಿಯಿರಿ, ಸಾಧನವನ್ನು ದಿನವೂ ಪರೀಕ್ಷಿಸಿ

ಆಡಿಯೋಗ್ರಾಂ ಎಂದರೆ ಯಾವ ಸ್ಥಾಯಿಯ ಸದ್ದು ಎಷ್ಟು ಜೋರಾದಾಗ ಮಗುವಿಗೆ ಕೇಳತೊಡಗುತ್ತದೆ ಎಂದು ತೋರಿಸುವ ನಕ್ಷೆ. ಎಡದಿಂದ ಬಲಕ್ಕೆ ಹೋದಂತೆ ಸದ್ದು ತಗ್ಗಿನಿಂದ ಕೀಚಲಾಗುತ್ತದೆ. ಮೇಲಿನಿಂದ ಕೆಳಗಿಳಿದಂತೆ ಜೋರಾಗುತ್ತದೆ. ಗುರುತುಗಳು ಕೆಳಗಿದ್ದಷ್ಟೂ ಕೇಳಿಸುವುದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವಿಂಗಡಣೆಯಂತೆ, ಚೆನ್ನಾಗಿರುವ ಕಿವಿಯಲ್ಲಿ 20ರಿಂದ 35 ಡೆಸಿಬೆಲ್‌ವರೆಗಿನ ದೋಷ ಸೌಮ್ಯ, 35ರಿಂದ 50 ಮಧ್ಯಮ, 50ರಿಂದ 65 ಮಧ್ಯಮ-ತೀವ್ರ, 65ರಿಂದ 80 ತೀವ್ರ, 80 ದಾಟಿದರೆ ಅತಿ ತೀವ್ರ. ಒಂದು ಎಚ್ಚರಿಕೆ: ಸೌಮ್ಯ ಎಂಬ ಮಾತನ್ನು ನಂಬಿ ನಿರಾಳರಾಗಬೇಡಿ. ಗದ್ದಲದ ಕೋಣೆಯಲ್ಲಿ ಸೌಮ್ಯ ದೋಷದ ಮಗುವೂ ಅರ್ಧ ಪಾಠವನ್ನು ಊಹೆಯಿಂದಲೇ ತುಂಬಿಕೊಳ್ಳುತ್ತಿರುತ್ತದೆ. ನಕ್ಷೆಯ ಬಲಭಾಗದಲ್ಲಿ ಗೆರೆ ಕುಸಿದಿದ್ದರೆ ಸ್ವರಗಳು ಕೇಳಿಸುತ್ತವೆ, ಸಕಾರ ಶಕಾರಗಳು ಕಳೆದುಹೋಗುತ್ತವೆ. ಕರೆದರೆ ಮಗು ತಿರುಗಿ ನೋಡುತ್ತದೆ, ಹೇಳಿದ್ದೇನು ಎಂದು ಮಾತ್ರ ತಿಳಿಯುವುದಿಲ್ಲ.

ಶ್ರವಣ ಸಾಧನ ಅಥವಾ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಬೆಳಿಗ್ಗೆ ಎರಡು ನಿಮಿಷದ ಪರೀಕ್ಷೆ ಮಾಡಿ. ಇದಕ್ಕೆ, ಡೇನಿಯಲ್ ಲಿಂಗ್ ಎಂಬವರ ಹೆಸರಿನಲ್ಲಿ, ಲಿಂಗ್‌ನ ಆರು ಧ್ವನಿ ಪರೀಕ್ಷೆ ಎನ್ನುತ್ತಾರೆ. ಮಗುವಿನ ಪಕ್ಕ ಅಥವಾ ಹಿಂದೆ ನಿಂತು, ತುಟಿ ಕಾಣದಂತೆ, ಸಹಜ ದನಿಯಲ್ಲಿ ಊ, ಆ, ಈ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ. ಕ್ರಮ ಬದಲಿಸುತ್ತಿರಿ, ನಡುವಿನ ಬಿಡುವನ್ನೂ ಬದಲಿಸಿ. ಕೇಳಿದಾಗಲೆಲ್ಲ ಮಗು ಕೈ ಎತ್ತಲಿ ಅಥವಾ ಮರಳಿ ಹೇಳಲಿ. ನಿನ್ನೆ ಕೇಳಿಸಿದ್ದ ಸ್ ಇವತ್ತು ಕೇಳದಿದ್ದರೆ ಬ್ಯಾಟರಿ, ಕಿವಿಯ ಅಚ್ಚು, ಅದರ ಕೊಳವೆಯಲ್ಲಿ ಕಟ್ಟಿದ ಮೇಣ ಅಥವಾ ತೇವ, ಈ ಕ್ರಮದಲ್ಲಿ ನೋಡಿ. ಸತು-ಗಾಳಿ ಬ್ಯಾಟರಿಯಾದರೆ ಮೇಲಿನ ಅಂಟುಪಟ್ಟಿ ಕಿತ್ತ ಮೇಲೆ ಒಂದೆರಡು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಿ. ತೆಗೆದ ಬ್ಯಾಟರಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಅಪಾಯ.

ಸಾಧನ ತೊಟ್ಟ ಮಾತ್ರಕ್ಕೆ ದೂರದ ಮಾತು ಕೇಳುವುದಿಲ್ಲ. ತೆರೆದ ಜಾಗದಲ್ಲಿ ಮಾತಾಡುವವರ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಸಾಧನವಾದರೋ ಹತ್ತಿರದ ಕುರ್ಚಿಯ ಕಿರ್ರೆನ್ನುವಿಕೆಯನ್ನೂ ನಿಮ್ಮ ಮಾತನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಶಿಕ್ಷಕರ ಕೊರಳಲ್ಲಿ ಮೈಕು, ಮಗುವಿನ ಕಿವಿಯಲ್ಲಿ ಅದರ ರಿಸೀವರ್ ಇರುವ ವ್ಯವಸ್ಥೆ ಸಿಕ್ಕರೆ ಬಳಸಿ. ಮೈಕು ಬಾಯಿಂದ ಗೇಣುದ್ದದೊಳಗಿರಲಿ. ಪಕ್ಕದವರೊಡನೆ ಖಾಸಗಿ ಮಾತಾಡುವಾಗ ಆರಿಸಲು ಮರೆಯಬೇಡಿ. ಎಲ್ಲವೂ ನೇರ ಆ ಮಗುವಿನ ಕಿವಿಗೆ ಹೋಗುತ್ತದೆ.

ಹಂತ 3: ಕೋಣೆಯನ್ನು ಕಣ್ಣಿಗೆ ತಕ್ಕಂತೆ ಜೋಡಿಸಿ

ಸಾಲು ಬೆಂಚು ಬಿಟ್ಟು ಅರ್ಧಚಂದ್ರಾಕಾರದಲ್ಲಿ ಕೂರಿಸಿ, ಪ್ರತಿ ಮಗುವಿಗೂ ಉಳಿದ ಎಲ್ಲರ ಮುಖ ಕಾಣಬೇಕು. ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ನಿಮ್ಮ ಮುಖ ಕತ್ತಲಾಗುತ್ತದೆ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಬೇರೆ ಮಗು ಉತ್ತರ ಹೇಳುವಾಗ ಅದರತ್ತ ಕೈ ತೋರಿ, ಕಿವುಡ ಮಗುವಿನ ಕಣ್ಣು ಅಲ್ಲಿ ನೆಟ್ಟ ಮೇಲೆ ಉತ್ತರ ಶುರುವಾಗಲಿ. ಗಮನ ಸೆಳೆಯಲು ಭುಜ ಮೃದುವಾಗಿ ತಟ್ಟುವುದು, ಕೈ ಬೀಸುವುದು, ದೀಪ ಒಮ್ಮೆ ಆರಿಸಿ ಹಚ್ಚುವುದು ಇವೆಲ್ಲ ಸರಿ. ಗಲ್ಲ ಹಿಡಿದು ಮುಖ ತಿರುಗಿಸುವುದು ತಪ್ಪು.

ಇವೆಲ್ಲ ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಮರೆಯುವುದು ಇದು: ಕೇಳುವ ಮಗು ಪುಸ್ತಕ ನೋಡುತ್ತಲೇ ನಿಮ್ಮ ವಿವರಣೆ ಕೇಳಬಲ್ಲದು. ಕಿವುಡ ಮಗುವಿಗೆ ಪುಸ್ತಕಕ್ಕೂ ನಿಮಗೂ ಸೇರಿ ಇರುವುದು ಅದೇ ಎರಡು ಕಣ್ಣು. "ಚಿತ್ರ ನೋಡಿ, ಇಲ್ಲಿ ಬೇರು ನೀರು ಹೀರುತ್ತದೆ" ಎಂದು ಸನ್ನೆ ಮಾಡುತ್ತ ಚಿತ್ರ ತೋರಿಸಿದರೆ ಅದು ಎರಡರಲ್ಲಿ ಒಂದನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಚಿತ್ರ ತೋರಿಸಿ, ಸುಮ್ಮನಿರಿ, ಕಣ್ಣು ನಿಮ್ಮತ್ತ ಬರಲಿ, ವಿವರಿಸಿ, ಮತ್ತೆ ಚಿತ್ರದತ್ತ ಕಳಿಸಿ. ಟಿಪ್ಪಣಿ ಬರೆಯುವಾಗ ವಿವರಣೆ ಪೂರ್ತಿ ಬಂದ್. ಪಾಠ ನಿಧಾನವಾಗುತ್ತದೆ ಎಂದು ಚಡಪಡಿಸುವವರಿಗೆ ನನ್ನ ಉತ್ತರ: ನಿಧಾನವಾಗಲಿ, ಕಡಿಮೆ ಕಲಿಸಿ.

ತುಟಿ ಓದಿ ಅರ್ಥ ಮಾಡಿಕೊಳ್ಳುತ್ತದೆ ಎಂಬ ಭರವಸೆಯನ್ನೂ ಇಲ್ಲೇ ಕೈಬಿಡಿ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಪಾರು, ಬಾರು, ಮಾರು ಎಂದು ಹೇಳಿ ನೋಡಿ. ಪ, ಬ, ಮ ಮೂರಕ್ಕೂ ತುಟಿ ಒಂದೇ ಬಗೆ. ಕ, ಗ ಗಂಟಲ ಬಳಿ ಹುಟ್ಟುತ್ತವೆ, ಹೊರಗೆ ಕಾಣುವುದೇ ಇಲ್ಲ. ತುಟಿ ಓದು ಗೊತ್ತಿರುವ ಭಾಷೆಯಲ್ಲಿ ಬಿಟ್ಟಸ್ಥಳ ತುಂಬಲು ನೆರವಾಗುತ್ತದೆ. ಹೊಸ ಭಾಷೆಯನ್ನು ಅದರಿಂದ ಕಲಿಯಲಾಗದು. ಜೋರಾಗಿ ಕಿರುಚಿದರೆ, ತುಟಿಯನ್ನು ಅತಿಯಾಗಿ ಅರಳಿಸಿದರೆ ಇರುವ ಸುಳಿವೂ ವಿರೂಪವಾಗುತ್ತದೆ.

ಹಂತ 4: ಸನ್ನೆ ಭಾಷೆಯ ಮೂಲ ಯಾರು ಎಂದು ನಿರ್ಧರಿಸಿ

ಭಾಷೆ ಪುಸ್ತಕದಿಂದ ಬರುವುದಿಲ್ಲ, ಆಡುವವರಿಂದ ಬರುತ್ತದೆ. ವಾರಕ್ಕೆ ಕೆಲವು ಗಂಟೆಯಾದರೂ ಕಿವುಡ ವಯಸ್ಕರೊಬ್ಬರು ತರಗತಿಯಲ್ಲಿ ಇದ್ದು ಕಥೆ ಹೇಳುವುದು, ಆಟ ಆಡಿಸುವುದು, ಹರಟುವುದು ನೀವು ಮಾಡಬಹುದಾದ ಅತಿ ದೊಡ್ಡ ಏರ್ಪಾಡು. ಹಿರಿಯ ಕಿವುಡ ವಿದ್ಯಾರ್ಥಿಗಳೂ ಆಗಬಹುದು. ಮಗುವಿಗೆ ತನ್ನಂಥವರು ದೊಡ್ಡವರಾಗಿ ಕೆಲಸ ಮಾಡುತ್ತಾರೆ ಎಂಬುದು ಕಣ್ಣಾರೆ ಕಾಣುತ್ತದೆ, ಅದು ಬೇರೆಯೇ ಲಾಭ.

ನೀವೂ ಕಲಿಯಿರಿ. ಮೊದಲು ನಿತ್ಯದ ನೂರಿನ್ನೂರು ಸನ್ನೆ, ಆಮೇಲೆ ಪ್ರಶ್ನೆ ಕೇಳುವ ರೀತಿ, ಆಮೇಲೆ ಕಥೆ. ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಎಂಬ ತಪ್ಪು ಕಲ್ಪನೆ ಬೇಡ. ಇಂಗ್ಲಿಷ್ ಆಡುವ ಅಮೆರಿಕ ಮತ್ತು ಬ್ರಿಟನ್ನಿನ ಕಿವುಡರ ಸನ್ನೆ ಭಾಷೆಗಳೇ ಒಂದಕ್ಕೊಂದು ಸಂಬಂಧವಿಲ್ಲದವು. ಅಂತರ್ಜಾಲದಲ್ಲಿ ಮೊದಲು ಸಿಗುವ ಅಮೆರಿಕದ ವಿಡಿಯೊ ನೋಡಿ ಕಲಿತರೆ ಮಗುವಿನ ಸುತ್ತ ಇರುವ ಕಿವುಡರಿಗೆ ಅದು ಅರ್ಥವಾಗದು.

ಭಾರತೀಯ ಸನ್ನೆ ಭಾಷೆಗೆ ನವದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ಒಳ್ಳೆಯ ಆಸರೆ. 2021ರ ಮೂರನೆಯ ಆವೃತ್ತಿಯಲ್ಲಿ 10,000 ಪದಗಳಿವೆ, ಎಲ್ಲವೂ ವಿಡಿಯೊ ರೂಪದಲ್ಲಿ. 2022ರಲ್ಲಿ ಅದನ್ನು ಸೈನ್ ಲರ್ನ್ ಎಂಬ ಆ್ಯಪ್ ಆಗಿಯೂ ತಂದರು. ಅದರಲ್ಲಿ ಇಂಗ್ಲಿಷ್ ಅಥವಾ ಹಿಂದಿ ಪದದಿಂದ ಹುಡುಕಬಹುದು. ಇಲ್ಲೊಂದು ಹಳ್ಳವಿದೆ: ಒಂದೇ ಕನ್ನಡ ಪದಕ್ಕೆ ಹಲವು ಅರ್ಥವಿದ್ದಾಗ ತಪ್ಪು ಇಂಗ್ಲಿಷ್ ಪದ ಹಿಡಿದು ತಪ್ಪು ಸನ್ನೆಗೆ ಹೋಗಿ ಮುಟ್ಟುತ್ತೀರಿ. "ಹೊತ್ತು" ಎಂಬುದು ಸಮಯವೋ, ಭಾರ ಹೊರುವುದೋ ಎಂದು ಮೊದಲೇ ತೀರ್ಮಾನಿಸಿಕೊಂಡು ಹುಡುಕಿ. ಹಲವು ದೇಶಗಳ ಸನ್ನೆಗಳನ್ನು ಹೋಲಿಸಿ ನೋಡುವ ಕುತೂಹಲವಿದ್ದರೆ ಸ್ಪ್ರೆಡ್ ದ ಸೈನ್ ಎಂಬ ಬಹುಭಾಷಾ ನಿಘಂಟು ಇದೆ. ನಿಘಂಟು ಪದ ಕೊಡುತ್ತದೆ, ವಾಕ್ಯ ಕೊಡುವುದಿಲ್ಲ. ವಾಕ್ಯಕ್ಕೆ ಆ ಭಾಷೆಯವರೇ ಬೇಕು.

ದುಭಾಷಿಯನ್ನು ಒದಗಿಸಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಸನ್ನೆ ಭಾಷೆ ಚೆನ್ನಾಗಿ ಬಲ್ಲ ಮಗುವಿಗೆ ದುಭಾಷಿ ಬಾಗಿಲು ತೆರೆಯುತ್ತಾರೆ. ಯಾವ ಭಾಷೆಯೂ ಗಟ್ಟಿಯಾಗದ ಮಗುವಿಗೆ ಅವರು ಗೊತ್ತಿಲ್ಲದ ಒಂದು ಭಾಷೆಯನ್ನು ಗೊತ್ತಿಲ್ಲದ ಇನ್ನೊಂದಕ್ಕೆ ತಿರುಗಿಸಿಕೊಟ್ಟಂತೆ. ಭಾಷೆ ಕಲಿಸುವುದು ದುಭಾಷಿಯ ಕೆಲಸವೂ ಅಲ್ಲ.

ಪೋಷಕರಿಗೆ ಹೇಳಿ: ನಿಮ್ಮ ಸನ್ನೆ ತಪ್ಪುತಪ್ಪಾಗಿದ್ದರೂ ಪರವಾಗಿಲ್ಲ, ಈಗಲೇ ಶುರು ಮಾಡಿ. ಇಂಪ್ಲಾಂಟ್ ಇರುವ ಮಗುವೂ ಸ್ನಾನಕ್ಕೆ, ಈಜಿಗೆ, ನಿದ್ದೆಗೆ ಅದರ ಹೊರಗಿನ ಭಾಗವನ್ನು ಕಳಚಿಟ್ಟಾಗ ಪೂರ್ತಿ ನಿಶ್ಶಬ್ದದಲ್ಲಿರುತ್ತದೆ.

ಹಂತ 5: ಎರಡು ಭಾಷೆಗಳನ್ನು ಒಟ್ಟಿಗೆ ಕಲಸಬೇಡಿ

ಬಾಯಲ್ಲಿ ಕನ್ನಡ ಆಡುತ್ತ ಅದೇ ಕ್ಷಣ ಕೈಯಲ್ಲಿ ಸನ್ನೆ ಮಾಡುವುದು ಬಹಳ ಕಡೆ ರೂಢಿಯಲ್ಲಿದೆ. ಎಲ್ಲರಿಗೂ ಒಟ್ಟಿಗೇ ತಲುಪುತ್ತದೆ ಎಂಬ ಸದುದ್ದೇಶ ಅದರ ಹಿಂದಿದೆ. ಆಗುವುದು ಬೇರೆ. ಸನ್ನೆ ಭಾಷೆಗೆ ತನ್ನದೇ ಪದಕ್ರಮವಿದೆ. ಭಾರತೀಯ ಸನ್ನೆ ಭಾಷೆಯಲ್ಲಿ ಏನು, ಎಲ್ಲಿ, ಯಾರು ಎಂಬ ಪ್ರಶ್ನಾಪದ ವಾಕ್ಯದ ಕೊನೆಗೆ ಬರುತ್ತದೆ, ಇಲ್ಲ ಎಂಬ ನಿಷೇಧವೂ ಕೊನೆಗೇ. ಹುಬ್ಬು ಏರಿಸುವುದು, ತಲೆ ಅಲ್ಲಾಡಿಸುವುದು ಅಲಂಕಾರವಲ್ಲ, ಅವೇ ವ್ಯಾಕರಣ. ಬಾಯಿ ಕನ್ನಡದ ಕ್ರಮ ಹಿಡಿದಾಗ ಕೈ ಅದರ ಹಿಂದೆ ಓಡುತ್ತ ಅರ್ಧ ಸನ್ನೆಗಳನ್ನು ಬಿಡುತ್ತದೆ, ಮುಖದ ವ್ಯಾಕರಣ ಪೂರ್ತಿ ಅಳಿಸಿಹೋಗುತ್ತದೆ. ಹಾಗೆ ಮಾಡುವಾಗ ನಿಮ್ಮದೇ ವಿಡಿಯೊ ತೆಗೆದು, ದನಿ ಆರಿಸಿ ನೋಡಿ. ಕೈಯಿಂದ ಹೊರಟದ್ದೆಷ್ಟು ಎಂದು ನಿಮಗೇ ಕಾಣುತ್ತದೆ.

ಬದಲಿಗೆ ಹಂಚಿಕೊಳ್ಳಿ. ಹಂಚುವ ಬಗೆ ಮೂರು: ಆಳಿನ ಮೇಲೆ, ಹೊತ್ತಿನ ಮೇಲೆ, ಜಾಗದ ಮೇಲೆ. ಒಬ್ಬರು ಯಾವಾಗಲೂ ಸನ್ನೆಯಲ್ಲಿ, ಇನ್ನೊಬ್ಬರು ಕನ್ನಡದಲ್ಲಿ. ಅಥವಾ ಬೆಳಿಗ್ಗೆ ಕಥೆ ಸನ್ನೆಯಲ್ಲಿ, ಮಧ್ಯಾಹ್ನ ಅದರ ಓದು ಕನ್ನಡದಲ್ಲಿ. ಅಥವಾ ಕೋಣೆಯ ಒಂದು ಮೂಲೆ ಸನ್ನೆಗೆ ಮೀಸಲು. ನೀವೊಬ್ಬರೇ ಶಿಕ್ಷಕರಾದರೆ ಹೊತ್ತಿನ ಹಂಚಿಕೆಯೇ ಸುಲಭ. ಮಾತಿನ ತರಬೇತಿ ಬೇಕಾದ ಮಗುವಿಗೆ ಅದಕ್ಕೂ ಪ್ರತ್ಯೇಕ ಹೊತ್ತು ಇಡಿ, ಆಗ ಮಾತು ಮಾತಾಗಿಯೇ ಇರಲಿ.

ಹಂತ 6: ಕೊಂಡಿ ಹಾಕಿ

ಬೇರೆ ಬೇರೆ ಇಟ್ಟ ಎರಡು ಭಾಷೆಗಳು ಇಲ್ಲಿ ಭೇಟಿಯಾಗಬೇಕು, ಅದೂ ಯೋಜಿಸಿದ ರೀತಿಯಲ್ಲಿ. ನಿತ್ಯ ಬಳಸಬಹುದಾದ ಮೂರು ತಂತ್ರಗಳಿವೆ.

ಸರಪಳಿ: ಒಂದು ಪರಿಕಲ್ಪನೆಯನ್ನು ಬೆನ್ನುಬೆನ್ನಿಗೆ ಹಲವು ರೂಪದಲ್ಲಿ ತೋರಿಸುವುದು. "ಆವಿ" ಎಂದು ಬೋರ್ಡಿನಲ್ಲಿ ಬರೆಯಿರಿ, ಬೆರಳಿಟ್ಟು ತೋರಿಸಿ, ಸನ್ನೆ ಮಾಡಿ, ಕುದಿಯುವ ನೀರಿನ ಚಿತ್ರ ತೋರಿಸಿ, ಮತ್ತೆ ಬರೆದ ಪದಕ್ಕೆ ಬೆರಳು. ಬೆರಳಕ್ಷರ ಎಂದರೆ ಕೈಯಿಂದ ಒಂದೊಂದೇ ಅಕ್ಷರ ತೋರಿಸುವ ಪದ್ಧತಿ. ಅದಿರುವ ಕಡೆ ಅದೂ ಒಂದು ಕೊಂಡಿಯಾಗುತ್ತದೆ. ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಬೆರಳಕ್ಷರ ಇಂಗ್ಲಿಷ್ ವರ್ಣಮಾಲೆಯದು, ಎರಡೂ ಕೈಗಳಿಂದ ಮಾಡುವಂಥದ್ದು. ಕನ್ನಡದ ಕಾಗುಣಿತ, ಒತ್ತಕ್ಷರಗಳಿಗೆ ಅದು ಹೊಂದುವುದಿಲ್ಲ. ಹಾಗಾಗಿ ಕನ್ನಡ ಓದಿಗೆ ಬೋರ್ಡಿನ ಬರಹವನ್ನೇ ಬೆರಳಕ್ಷರದ ಜಾಗದಲ್ಲಿ ಇಟ್ಟುಕೊಳ್ಳಿ.

ಹಿಂದೆ ಮುಂದೆ ಸನ್ನೆ, ನಡುವೆ ಪಠ್ಯ: ಹೊಸ ಪಾಠದ ಸಾರವನ್ನು ಮೊದಲು ಸನ್ನೆಯಲ್ಲಿ ಹೇಳಿ. ಆಮೇಲೆ ಕನ್ನಡ ಪಠ್ಯ ಓದಿ, ಪ್ರಶ್ನೆ ಮಾಡಿ. ಕೊನೆಗೆ ಮತ್ತೆ ಸನ್ನೆಯಲ್ಲಿ ಚರ್ಚೆ. ಮಗು ಪುಟ ತೆರೆಯುವ ಹೊತ್ತಿಗೆ ಕಥೆ ಗೊತ್ತಿರುತ್ತದೆ, ಅದರ ಶ್ರಮವೆಲ್ಲ ಭಾಷೆಯ ಮೇಲೆ ಬೀಳುತ್ತದೆ. ಕಥೆ ಮೊದಲೇ ಗೊತ್ತಾದರೆ ಓದುವ ಆಸೆ ಹೋಗುವುದಿಲ್ಲವೇ ಎನ್ನುತ್ತಾರೆ ಕೆಲವರು. ಮಲಗುವಾಗ ಕೇಳಿ ಕೇಳಿ ಬಾಯಿಪಾಠವಾದ ಕಥೆಯ ಪುಸ್ತಕವನ್ನೇ ಅಲ್ಲವೇ ಕೇಳುವ ಮಕ್ಕಳೂ ಮೊದಲು ಓದುವುದು?

ಅರ್ಥದ ಅನುವಾದ: ಕನ್ನಡದ ಸಾಲನ್ನು ಪದಕ್ಕೊಂದು ಸನ್ನೆಯಂತೆ ತಿರುಗಿಸಬೇಡಿ. "ಅವನ ಕೈ ಬಿಗಿ" ಎಂಬುದನ್ನು ಅವನು, ಕೈ, ಬಿಗಿ ಎಂದು ಮೂರು ಸನ್ನೆ ಮಾಡಿದರೆ ಮಗು ಮುಷ್ಟಿ ಹಿಡಿದವನನ್ನು ಕಲ್ಪಿಸಿಕೊಳ್ಳುತ್ತದೆ. ಜಿಪುಣ ಎಂಬ ಅರ್ಥವನ್ನು ಮೊದಲು ಸನ್ನೆಯಲ್ಲಿ ಕೊಡಿ. ಆಮೇಲೆ ಕನ್ನಡ ಅದನ್ನು ಈ ಮೂರು ಪದದಲ್ಲಿ ಹೇಳುತ್ತದೆ ಎಂದು ತೋರಿಸಿ. ನುಡಿಗಟ್ಟುಗಳಿಗೆ ಗೋಡೆಯ ಮೇಲೆ ಒಂದು ಪಟ್ಟಿ ಬೆಳೆಸುತ್ತ ಹೋಗಿ.

ಹಂತ 7: ಕನ್ನಡದ ಪ್ರತ್ಯಯಗಳನ್ನು ಕಣ್ಣಿಗೆ ಕಾಣಿಸಿ

ಕಿವುಡ ಮಕ್ಕಳ ಕನ್ನಡ ಬರಹದಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪು ಬೀಳುವುದು ಪದದ ತುದಿಯಲ್ಲಿ. ಕಾರಣ ಊಹಿಸಬಹುದು. ಪ್ರತ್ಯಯಗಳು ಮಾತಿನಲ್ಲಿ ಮೆತ್ತಗೆ, ಬೇಗ ಬಂದು ಹೋಗುತ್ತವೆ. ಆಡುಮಾತಿನಲ್ಲಿ "ಮನೇಲಿ" ಆದದ್ದು ಪುಸ್ತಕದಲ್ಲಿ "ಮನೆಯಲ್ಲಿ". ಕೇಳುವ ಮಗು ಇವನ್ನು ಯಾರೂ ಕಲಿಸದೆ ಹೀರಿಕೊಂಡಿರುತ್ತದೆ. ಕಿವುಡ ಮಗುವಿಗೆ ಒಂದೊಂದನ್ನೂ ಕಲಿಸಬೇಕು. ಕಲಿಸಲು ಅದರ ಮೊದಲ ಭಾಷೆಯೇ ಒಳ್ಳೆಯ ಸಾಧನ.

ಒಂದು ಉದಾಹರಣೆ. "ರವಿ ಗೀತಾಳಿಗೆ ಪುಸ್ತಕ ಕೊಟ್ಟ", "ರವಿಗೆ ಗೀತಾ ಪುಸ್ತಕ ಕೊಟ್ಟಳು". ಹೆಸರುಗಳ ಕ್ರಮ ಎರಡರಲ್ಲೂ ಒಂದೇ, ಅರ್ಥ ತಿರುಗುಮುರುಗು. ಕ್ರಮವನ್ನಷ್ಟೇ ನೋಡುವ ಮಗು ಎರಡನ್ನೂ ರವಿ ಕೊಟ್ಟ ಎಂದೇ ಓದುತ್ತದೆ. ಇದೇ ವಿಷಯವನ್ನು ಸನ್ನೆಯಲ್ಲಿ ಹೇಳುವಾಗ ರವಿಯನ್ನು ಎಡಕ್ಕೆ, ಗೀತಾಳನ್ನು ಬಲಕ್ಕೆ ಗಾಳಿಯಲ್ಲಿ ನಿಲ್ಲಿಸಿ, "ಕೊಡು" ಎಂಬ ಸನ್ನೆಯನ್ನು ಒಬ್ಬರಿಂದ ಇನ್ನೊಬ್ಬರತ್ತ ಸಾಗಿಸುತ್ತಾರೆ. ಕೈ ಸಾಗುವ ದಿಕ್ಕೇ ಕೊಟ್ಟವರಾರು, ಪಡೆದವರಾರು ಎಂದು ಹೇಳುತ್ತದೆ. ಇದು ಮಗುವಿಗೆ ಚೆನ್ನಾಗಿ ಗೊತ್ತು. ಈಗ ಬೋರ್ಡಿನಲ್ಲಿ ವಾಕ್ಯ ಬರೆದು "ಗೆ" ಎಂಬುದನ್ನು ಕೆಂಪು ಬಣ್ಣದಲ್ಲಿ ತೋರಿಸಿ, ಸನ್ನೆ ಹೋಗಿ ಮುಟ್ಟಿದ ಜಾಗದತ್ತ ಬಾಣ ಎಳೆಯಿರಿ. ಅಲ್ಲಿ ದಿಕ್ಕು ಮಾಡುವ ಕೆಲಸವನ್ನು ಇಲ್ಲಿ "ಗೆ" ಮಾಡುತ್ತದೆ. ಕ್ರಿಯಾಪದದ ತುದಿಯ "ಅಳು" ಕೊಟ್ಟವಳು ಹೆಂಗಸು ಎಂದು ಇನ್ನೊಂದು ಸುಳಿವು ಕೊಡುತ್ತದೆ, ಅದಕ್ಕೆ ಬೇರೆ ಬಣ್ಣ. "ಅನ್ನು", "ಇಂದ", "ಅಲ್ಲಿ" ಎಲ್ಲವನ್ನೂ ಹೀಗೆ ಸನ್ನೆಯ ಜಾಗ ದಿಕ್ಕುಗಳ ಪಕ್ಕ ಇಟ್ಟು ನೋಡಬಹುದು. ಒಂದು ವಾರಕ್ಕೆ ಒಂದು ಪ್ರತ್ಯಯ ಸಾಕು. ವಿಭಕ್ತಿಗಳ ಕೋಷ್ಟಕ ಬರೆಸಿ ಬಾಯಿಪಾಠ ಮಾಡಿಸಬೇಡಿ. ಕೋಷ್ಟಕ ಬಂದೀತು, ವಾಕ್ಯ ಬಾರದು.

ಪ್ರತಿ ಪ್ರತ್ಯಯಕ್ಕೂ ಒಂದೊಂದು ಕೃತಕ ಸನ್ನೆ ಕಟ್ಟಿ, ಕನ್ನಡವನ್ನೇ ಕೈಯಲ್ಲಿ ಆಡಿಸುವ ಆಸೆ ಇಲ್ಲಿ ಹುಟ್ಟುತ್ತದೆ. ವ್ಯಾಕರಣದ ಒಂದು ಅಂಶವನ್ನು ಐದು ನಿಮಿಷ ತೋರಿಸಲು ಪರವಾಗಿಲ್ಲ. ಅದನ್ನೇ ಸಂವಹನದ ಭಾಷೆಯಾಗಿಸಿದರೆ ಅದು ಸನ್ನೆಯೂ ಆಗದೆ ಕನ್ನಡವೂ ಆಗದೆ ನಡುವೆ ತೂಗುತ್ತದೆ.

ಬರೆಸುವುದು ಹೀಗೆ: ಮಗು ತನ್ನ ಕಥೆಯನ್ನು ಮೊದಲು ಸನ್ನೆಯಲ್ಲಿ ಹೇಳಲಿ, ವಿಡಿಯೊ ಆಗಲಿ. ಇದು ಅದರ ಕರಡು ಪ್ರತಿ. ಇಬ್ಬರೂ ನೋಡುತ್ತ, ನಿಲ್ಲಿಸಿ ನಿಲ್ಲಿಸಿ, "ಇದನ್ನು ಕನ್ನಡ ಹೇಗೆ ಹೇಳುತ್ತದೆ?" ಎಂದು ಸಾಲು ಸಾಲಾಗಿ ಬರೆಯಿರಿ. ತಿದ್ದುವಾಗ ಆ ವಾರದ ಪ್ರತ್ಯಯವನ್ನು ಮಾತ್ರ ತಿದ್ದಿ, ಉಳಿದದ್ದನ್ನು ಬಿಟ್ಟುಬಿಡಿ. ಪುಟವಿಡೀ ಕೆಂಪಾದರೆ ಮಗು ಮುಂದಿನ ಸಲ ಎರಡೇ ಸಾಲು ಬರೆಯುತ್ತದೆ. ಜೊತೆಗೆ ಸಂವಾದ ಪುಸ್ತಕ ಇಡಿ: ಮಗು ಒಂದು ಪುಟ ಬರೆಯುತ್ತದೆ, ನೀವು ಉತ್ತರ ಬರೆಯುತ್ತೀರಿ. ಅಲ್ಲಿ ತಿದ್ದುವುದೇ ಇಲ್ಲ. ಮಗು "ನಾನು ಅಜ್ಜಿ ಮನೆ ಹೋದ" ಎಂದು ಬರೆದರೆ ನೀವು "ಓ, ನೀನು ಅಜ್ಜಿಯ ಮನೆಗೆ ಹೋದೆಯಾ? ನಾನೂ ಅಕ್ಕನ ಮನೆಗೆ ಹೋದೆ" ಎಂದು ಬರೆಯಿರಿ. ಸರಿಯಾದ ರೂಪ ಸಹಜವಾಗಿ ಕಣ್ಣಿಗೆ ಬಿದ್ದಿರುತ್ತದೆ.

ಹಂತ 8: ವಿಜ್ಞಾನ, ಗಣಿತ, ಸಮಾಜ

ಪಾಠಕ್ಕೆ ಮುನ್ನ ಐದಾರು ಮುಖ್ಯ ಪದಗಳ ಸನ್ನೆ ಹುಡುಕಿಟ್ಟುಕೊಳ್ಳಿ. ಸನ್ನೆ ಸಿಗದಿದ್ದರೆ ನೀವೊಬ್ಬರೇ ಕೂತು ಹೊಸದು ಸೃಷ್ಟಿಸಬೇಡಿ. ಕಿವುಡ ವಯಸ್ಕರನ್ನು ಕೇಳಿ, ಇಲ್ಲವಾದರೆ ಆ ಪಾಠದ ಮಟ್ಟಿಗೆ ಮಕ್ಕಳೊಂದಿಗೆ ತಾತ್ಕಾಲಿಕ ಸನ್ನೆ ಒಪ್ಪಿಕೊಂಡು, ಇದು ತಾತ್ಕಾಲಿಕ ಎಂದು ಹೇಳಿ, ವಿಡಿಯೊ ಇಟ್ಟುಕೊಳ್ಳಿ.

ಮಾತನ್ನು ಅಲ್ಲೇ ಬರಹವಾಗಿಸುವ ಲೈವ್ ಟ್ರಾನ್ಸ್‌ಕ್ರೈಬ್‌ನಂಥ ಆ್ಯಪ್‌ಗಳು ಕನ್ನಡಕ್ಕೂ ಕೆಲಸ ಮಾಡುತ್ತವೆ. ಓದು ಚೆನ್ನಾಗಿ ಬರುವ, ಮಂದಶ್ರವಣದ ದೊಡ್ಡ ಮಕ್ಕಳಿಗೆ ಇವು ವರ. ಓದೇ ಬಾರದ ಮಗುವಿನ ಮುಂದೆ ಇಟ್ಟರೆ ಅಕ್ಷರಗಳ ಹೊಳೆ ಹರಿಯುತ್ತದೆ, ಅಷ್ಟೆ. ತಾಂತ್ರಿಕ ಪದ, ಹೆಸರು, ಅಂಕಿಗಳನ್ನು ಇವು ಎಡವಟ್ಟಾಗಿ ಬರೆಯುತ್ತವೆ. ಆದ್ದರಿಂದ ಮುಖ್ಯ ಪದಗಳು ಬೋರ್ಡಿನ ಮೇಲಿರಲಿ.

ಮಂದಶ್ರವಣದ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಮಾತು ಸ್ಪಷ್ಟವಾಗಿ ಬರುತ್ತದೆಂದು ಇವರನ್ನು ಮರೆತುಬಿಡುವುದು ಸುಲಭ. ಇಡೀ ದಿನ ಕಿವಿಗೊಟ್ಟು ಊಹಿಸಿ ಊಹಿಸಿ ಮಧ್ಯಾಹ್ನದ ಹೊತ್ತಿಗೆ ದಣಿದಿರುತ್ತಾರೆ. ಅದು ಗಮನದ ಕೊರತೆಯಂತೆ, ಕೆಲವೊಮ್ಮೆ ತುಂಟತನದಂತೆ ಕಾಣುತ್ತದೆ. ಕಠಿಣ ಪಾಠ ಬೆಳಿಗ್ಗೆಯೇ ಮುಗಿಸಿ, ನಡುನಡುವೆ ಕಿವಿಗೆ ಬಿಡುವು ಕೊಡಿ. "ಅರ್ಥವಾಯಿತಾ?" ಎಂದು ಕೇಳಬೇಡಿ, ತಲೆ ಆಡಿಸಿಯೇ ಆಡಿಸುತ್ತಾರೆ. "ಈಗ ಮೊದಲು ಏನು ಮಾಡುತ್ತೀಯ?" ಎಂದು ಕೇಳಿ. ಹೇಳಿದ್ದು ತಲುಪದಿದ್ದರೆ ಒಮ್ಮೆ ಹಾಗೇ ಹೇಳಿ, ಎರಡನೆಯ ಸಲ ಪದ ಬದಲಿಸಿ ಹೇಳಿ. ಸನ್ನೆ ಇವರಿಗೂ ಬೇಕು. ಗದ್ದಲದಲ್ಲಿ, ದೂರದಲ್ಲಿ, ದಣಿವಿನಲ್ಲಿ ಅದೇ ಕೈಹಿಡಿಯುತ್ತದೆ.

ಹಂತ 9: ಅಳೆಯುವಾಗ ಏನನ್ನು ಅಳೆಯುತ್ತಿದ್ದೀರಿ ಎಂದು ನೋಡಿ

"ದ್ಯುತಿಸಂಶ್ಲೇಷಣೆಗೆ ಬೇಕಾಗುವ ಅಂಶಗಳಾವುವು?" ಎಂಬ ಪ್ರಶ್ನೆಗೆ ಮಗು ಖಾಲಿ ಬಿಟ್ಟರೆ, ಅದಕ್ಕೆ ವಿಜ್ಞಾನ ಗೊತ್ತಿಲ್ಲವೋ ಪ್ರಶ್ನೆಯ ಕನ್ನಡ ಗೊತ್ತಾಗಲಿಲ್ಲವೋ? ಅದೇ ಪ್ರಶ್ನೆಯನ್ನು ಸನ್ನೆಯಲ್ಲಿ ಕೇಳಿ, ಸನ್ನೆಯಲ್ಲೇ ಉತ್ತರ ಪಡೆದು ವಿಡಿಯೊ ಇಟ್ಟುಕೊಳ್ಳಿ. ವಿಜ್ಞಾನದ ಅಂಕ ಅದಕ್ಕೆ. ಕನ್ನಡ ಬರಹದ ಅಂಕ ಬೇರೆ ಪುಟದಲ್ಲಿ. ಸನ್ನೆ ಭಾಷೆಯ ಬೆಳವಣಿಗೆಗೆ ಮೂರನೆಯ ಪುಟ ತೆರೆಯಿರಿ. ಹಂತ 1ರಲ್ಲಿ ಹೇಳಿದ ಚಿತ್ರಕಥೆಯ ವಿಡಿಯೊವನ್ನು ಪ್ರತಿ ಅವಧಿಯ ಕೊನೆಗೆ ಹೊಸ ಕಥೆಯೊಂದಿಗೆ ಮತ್ತೆ ಮಾಡಿ ಹಳೆಯದರ ಪಕ್ಕ ಇಟ್ಟು ನೋಡಿ.

ವರ್ಷದ ಕೊನೆಗೆ ಮಗು ಬೇರೆ ಶಿಕ್ಷಕರ ಕೈಗೆ ಹೋಗುತ್ತದೆ. ಈ ಮೂರೂ ಪುಟಗಳು, ವಿಡಿಯೊಗಳು, ಒಪ್ಪಿಕೊಂಡ ತಾತ್ಕಾಲಿಕ ಸನ್ನೆಗಳ ಪಟ್ಟಿ, ಸಾಧನದ ಪರೀಕ್ಷೆಯ ದಾಖಲೆ, ಯಾವ ಪ್ರತ್ಯಯದವರೆಗೆ ಬಂದಿದ್ದೀರಿ ಎಂಬ ಒಂದು ಸಾಲು, ಎಲ್ಲವನ್ನೂ ಒಂದೇ ಕಡತದಲ್ಲಿ ಹಾಕಿ ಕೈಗಿಟ್ಟುಬಿಡಿ. ಇಲ್ಲವಾದರೆ ಹೊಸಬರು ಮತ್ತೆ ಮೊದಲ ಅಕ್ಷರದಿಂದ ನಕಲು ಬರೆಸತೊಡಗುತ್ತಾರೆ.